ಕಮಾನಿನ ಕೆಳಗಿನ ಮರ

ಆಶ್ರಮದ ಶಿಶುವಿಹಾರ ನೋಡಿಕೊಳ್ಳುತ್ತಿದ್ದ ಶಿಷ್ಯೆ ಒಂದು ದಿನ ಕೇಳಿದಳು: “ಮಾತಾಜಿ, ನಾನು ಬಂದದ್ದು ಶಾಶ್ವತವಾದದ್ದನ್ನು ಅರಿಯಲು. ನೀವು ಕೊಟ್ಟ ಕೆಲಸ ಮೂವತ್ತು ಮಕ್ಕಳ ಹಾಲುಹಲ್ಲು ಉಜ್ಜುವುದು, ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಹೇಗಿದ್ದರೂ ಬಿದ್ದುಹೋಗುವುದನ್ನು ಇಷ್ಟು ಕಾಯುವುದೇಕೆ? ನನಗೆ ಪಾಠ ಶುರುಮಾಡಬಾರದೇ?”

ಮಾತಾಜಿ ಒಂದು ಕತೆ ಹೇಳಿದರು.

ಒಬ್ಬ ಕಲ್ಲುಕೆಲಸದ ಮೇಸ್ತ್ರಿ ಇದ್ದ. ಕಮಾನು ಕಟ್ಟುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಈ ಮಾತನ್ನು ಊರವರಿಗಿಂತ ಹೆಚ್ಚಾಗಿ ಅವನೇ ಹೇಳುತ್ತಿದ್ದ. ಆದರೂ ಅದು ನಿಜವಾಗಿತ್ತು.

ಅವನಿಗೆ ಮೂರು ವರ್ಷದ ಮೊಮ್ಮಗಳು. ಸಂಜೆ ಮನೆಗೆ ಬಂದವನು ಜೇಬಿನಿಂದ ಕಲ್ಲುಸಕ್ಕರೆ ತೆಗೆದು, ಅವಳ ದವಡೆಗಿಟ್ಟು, ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದ. ಅದು ಕರಗುವಷ್ಟರಲ್ಲಿ ಮಗು ನಿದ್ದೆಹೋಗುತ್ತಿತ್ತು. ಹಲ್ಲಿನ ಮೇಲೆ ಕಂದು ಚುಕ್ಕೆ ಕಂಡಾಗ ಸೊಸೆ ಬೇಡವೆಂದಳು. ಹಾಲುಹಲ್ಲಿಗೆ ಇಷ್ಟೇಕೆ ರಂಪ, ಅವು ಬೀಳುವುದಕ್ಕೇ ಹುಟ್ಟಿದವು ಎಂದು ಅವನು ನಕ್ಕ. ತನಗೆ ಬುದ್ಧಿ ಹೇಳುವವರು ಈ ಮನೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದೂ ಸೇರಿಸಿದ. ಮಗು ರೊಟ್ಟಿಯನ್ನು ಒಂದೇ ಕಡೆ ಅಗಿಯತೊಡಗಿತು. ಆಮೇಲೆ ರೊಟ್ಟಿಯನ್ನೇ ಬಿಟ್ಟಿತು.

ಒಂದು ಮಧ್ಯಾಹ್ನ ಸೊಸೆ ಮಗುವನ್ನು ಎತ್ತಿಕೊಂಡು ಮಾವನಿಗೆ ಬುತ್ತಿ ಕೊಂಡುಹೋದಳು. ಸೇತುವೆಯ ಕಮಾನಿನ ಕೆಲಸ ನಡೆದಿತ್ತು. ಕಲ್ಲುಗಳನ್ನು ಹೊರಲು ಮೊದಲು ಕೆಳಗೆ ಮರದ ಆಸರೆ ಕಟ್ಟುತ್ತಾರೆ. ಕಮಾನು ಬಿಗಿದ ಮೇಲೆ ಬಿಚ್ಚುತ್ತಾರೆ. ಆಳೊಬ್ಬ ಹುಳ ತಿಂದ ಮರ ತಂದಿದ್ದ. ಮೇಸ್ತ್ರಿ ಅದನ್ನು ಒದ್ದು ಉರುಳಿಸಿದ.

“ತಿಂಗಳಾದ ಮೇಲೆ ಬಿಚ್ಚಿ ಒಲೆಗೆ ಹಾಕೋ ಮರ ತಾನೇ, ಯಜಮಾನ್ರೇ?” ಎಂದ ಆಳು.

“ಕಮಾನು ಬಿಗಿಯೋ ತನಕ ಕಲ್ಲಿನ ಜಾಗ ಕಾಯೋದು ಈ ಮರವೇ ಕಣಯ್ಯಾ. ಇದು ಮೊದಲೇ ಕುಸಿದರೆ ಕಲ್ಲು ಓರೆ ಕೂರುತ್ತೆ. ಆಮೇಲೆ ನೂರು ವರ್ಷ ನನ್ನ ಹೆಸರೂ ಓರೆ.”

ಸೊಸೆ ಬುತ್ತಿಯನ್ನು ಕೆಳಗಿಟ್ಟಳು. ಬೆರಳಿನಿಂದ ಮಗುವಿನ ಬಾಯಿ ಬಿಡಿಸಿದಳು.

“ಮಾವ, ಈ ಮರವನ್ನೂ ಒಂದು ಸಲ ನೋಡಿ. ಈ ದವಡೆಯಲ್ಲಿ ಕಲ್ಲು ಬರೋಕೆ ಇನ್ನೂ ಏಳೆಂಟು ವರ್ಷ ಇದೆ.”

ಆಳು ಅತ್ತ ತಿರುಗಿ ಕೆಮ್ಮಿದ. ಮೇಸ್ತ್ರಿ, ಕಮಾನು ನೋಡುವಾಗ ಮಾಡುವಂತೆ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಬುತ್ತಿ ಬಿಚ್ಚಲಿಲ್ಲ. ಮಗುವನ್ನು ಎತ್ತಿಕೊಂಡು ಹಲ್ಲಿನ ವೈದ್ಯರಲ್ಲಿಗೆ ನಡೆದ. ಹುಳುಕು ಹಿಡಿದ ಎರಡು ಹಲ್ಲುಗಳು ಇನ್ನೂ ಉಳಿಯುವಂತಿದ್ದವು, ತುಂಬಿಸಿಕೊಂಡು ಬಂದ.

ಅಂದಿನಿಂದ ಕಲ್ಲುಸಕ್ಕರೆಯ ಜೇಬಿನಲ್ಲಿ ಪುಟ್ಟ ಬ್ರಷ್ಷು ಇರುತ್ತಿತ್ತು. ಸಂಜೆ ಉಜ್ಜುವ ಕೆಲಸವನ್ನು ಅವನು ಸೊಸೆಗೂ ಬಿಟ್ಟುಕೊಡಲಿಲ್ಲ. ಅವಳಿಗೆ ಸಂದುಗೊಂದು ನೋಡಲು ಬರುವುದಿಲ್ಲವಂತೆ.

ಸೇತುವೆ ನಿಂತಿತು, ನೆಟ್ಟಗೆ ನಿಂತಿತು. ಆದರೆ ನೆಂಟರು ಬಂದರೆ ಅವನು ಮೊದಲು ಮೊಮ್ಮಗಳನ್ನು ಕರೆದು, ಬೆಳಕಿನ ಕಡೆ ಮುಖಮಾಡಿಸಿ, ಬಾಯಿ ತೆರೆಸುತ್ತಿದ್ದ. ಒಂದೂ ಕದಲಿಲ್ಲ, ಎಣಿಸಿ ನೋಡಿ ಎನ್ನುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಸೊಸೆ ಆ ಹೊಗಳಿಕೆಯನ್ನೆಲ್ಲ ತನ್ನ ಪಾಲಿನದೆಂದೇ ಕೇಳಿಸಿಕೊಳ್ಳುತ್ತಿದ್ದಳು.

ಕತೆ ಮುಗಿಯಿತು. ಹೊರಗೆ ಮಕ್ಕಳು ಬ್ರಷ್ಷು ಹಿಡಿದು ಸಾಲಾಗಿ ಕೂತಿದ್ದರು.

“ಹಲ್ಲಿನ ಮಾತು ತಿಳಿಯಿತು, ಮಾತಾಜಿ. ನನ್ನ ಪಾಠ ಯಾವಾಗ?” ಎಂದಳು ಶಿಷ್ಯೆ.

ಮಾತಾಜಿ ಹೇಳಿದರು: “ಪಾಠದ ಕಲ್ಲು ಸಿದ್ಧವಾಗಿದೆ ಮಗಳೇ, ಕಮಾನು ಬಿಗಿಯುವ ಮೊದಲೇ ನೀನೇ ಮರವನ್ನು ಒಲೆಗೆ ಹಾಕಲು ಹೊರಟಿದ್ದೀಯ.”