ಎಂಟೆಳೆ ಕೆರೆ

ಕರಿಗುಡ್ಡದ ಪಡುವಣ ಮಗ್ಗುಲಿಗೆ, ಜಾಲಿಮರಗಳ ನಡುವೆ, ಅರ್ಧ ಹರದಾರಿ ಉದ್ದದ ಒಂದು ಏರಿಯಿದೆ. ಅದರ ಹಿಂದಿರುವುದೇ ಎಂಟೆಳೆ ಕೆರೆ. ಹೊರಗಿನಿಂದ ಬಂದವರು ಎಂಟು ಹಳ್ಳಗಳು ಬಂದು ಕೂಡುವುದರಿಂದ ಆ ಹೆಸರು ಎಂದು ತಾವೇ ಊಹಿಸಿಕೊಂಡು ತಲೆದೂಗುತ್ತಾರೆ. ಎಂಟು ಎಲ್ಲಿಂದ ಬರಬೇಕು, ಇರುವ ಒಂದು ಹಳ್ಳವೇ ಮೂರು ವರ್ಷಕ್ಕೊಮ್ಮೆ ಮನಸ್ಸು ಮಾಡಿ ಹರಿಯುವ ಸೀಮೆ ಇದು. ಏರಿಯ ಕೆಳಗೆ ಯಾವ ಪುಣ್ಯಾತ್ಮನೋ ಒಂದು ಹಲಗೆ ನೆಡಿಸಿ, ಪಾಳೆಯಗಾರರು ಪ್ರಜೆಗಳ ಹಿತಕ್ಕಾಗಿ ಕಟ್ಟಿಸಿದ್ದು ಎಂದು ಬರೆಸಿದ್ದಾನೆ. ಅದನ್ನು ಓದಿದಾಗಲೆಲ್ಲ ನಮ್ಮ ಹಿರಿಯರಿಗೆ ಮೈ ಉರಿಯುತ್ತದೆ. ಕಟ್ಟಿಸಿದವರ ಮಾತು ಹಾಗಿರಲಿ, ಕಟ್ಟಿದವರ ಮಾತೇ ಬೇರೆ. ಹೆಸರು ಬಂದದ್ದು ಅವರಿಂದ.

ಹಿಂದೆ ಒಮ್ಮೆ, ಈ ಸೀಮೆ ಪಾಳೆಯಗಾರರ ಕೈಯಲ್ಲಿದ್ದ ಕಾಲದಲ್ಲಿ, ತೊಗಲು ಹದಮಾಡುವವರ ಕೇರಿಯಲ್ಲಿ ಓಬಳಪ್ಪನೆಂಬವನಿದ್ದನು. ಚಾವಟಿ ಹೆಣೆಯುವುದು ಅವನ ಕಸುಬು. ತಾಯಿತಂದೆಯಿಲ್ಲದ ಅವನನ್ನು ತನ್ನ ಮನೆಯಲ್ಲಿಟ್ಟು ಸಾಕಿದವಳು ಗಂಡ ಸತ್ತ ಅಕ್ಕ ಹೊನ್ನೂರವ್ವ. ತಂಗಡಿ ತೊಗಟೆಯಲ್ಲಿ ಹದಗೊಂಡ ತೊಗಲನ್ನು ಓಬಳಪ್ಪ ಹೆಬ್ಬೆರಳ ಉಗುರನ್ನೇ ಅಳತೆ ಮಾಡಿಕೊಂಡು ಬಾರುಗಳಾಗಿ ಸೀಳಿದರೆ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಬರುತ್ತಿರಲಿಲ್ಲವಂತೆ. ಉಳಿದವರಲ್ಲಿ ಹೆಚ್ಚಿನವರು ನಾಲ್ಕೆಳೆಗೆ ಕೈಬಿಟ್ಟರೆ ಅವನು ಎಂಟೆಳೆ ಹೆಣೆಯುತ್ತಿದ್ದನು. ಕೆಂಪು ಬಾರು ಕಪ್ಪು ಬಾರನ್ನು ದಾಟುತ್ತ ಮೀನಿನ ಮುಳ್ಳಿನಂತೆ ಗೆರೆ ಬಿಡುವ ಹೆಣಿಗೆ, ಹಿಡಿಯ ಬಳಿ ತಾವರೆಮೊಗ್ಗಿನ ಗಂಟು. ಆ ಕಸುಬಿನವರಲ್ಲಿ ಒಂದು ಕಟ್ಟಳೆಯಿತ್ತು. ಚಾವಟಿ ಬೇಕೆಂದು ಬಂದವನು ಯಾರೇ ಆಗಲಿ, ಮೊದಲು ‘ಯಾವ ದನಕ್ಕ?’ ಎಂದು ಕೇಳಬೇಕು. ಉಳುವ ಎತ್ತಿಗೆ ನಾಲ್ಕೆಳೆ, ಅವರ ಮಾತಿನಲ್ಲಿ ದನವೇ ಆದ ಕುದುರೆಗೆ ಎಂಟೆಳೆ. ದನದ ಹೆಸರು ಹೇಳದವನಿಗೆ ಹೆಣೆದುಕೊಡಬಾರದು.

ಒಂದು ದಿನ ಪಾಳೆಯಗಾರನ ದಳವಾಯಿ ಸ್ವತಃ ಕೇರಿಗೆ ಬಂದನು. ಓಬಳಪ್ಪನ ಮನೆಯ ಮುಂದೆ ನಿಂತು, ಗೂಟಕ್ಕೆ ತೂಗಿಬಿಟ್ಟಿದ್ದ ಚಾವಟಿಯನ್ನು ಬೆರಳಿನಿಂದ ಸವರಿ, ಇಂಥ ಕೈ ಈ ಸೀಮೆಯಲ್ಲೇ ಇಲ್ಲವೆಂದನು. ಅಂಥವರಿಂದ ಒಂದು ಒಳ್ಳೆಯ ಮಾತನ್ನೂ ಕೇಳದೆ ಬೆಳೆದ ಕೇರಿ ಅದು. ಓಬಳಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಂಥವೇ ಹನ್ನೆರಡು ಬೇಕು, ಹೆಣೆದು ಕೊಟ್ಟರೆ ವರ್ಷವಿಡೀ ನಿನಗೆ ಬಿಟ್ಟಿ ಕೆಲಸ ಮಾಫಿ ಎಂದು ದಳವಾಯಿ ಹೇಳಿದನು. ಕೇಳಬೇಕಾದ ಮಾತು ಓಬಳಪ್ಪನ ನಾಲಗೆಯ ತುದಿಗೆ ಬಂದಿತ್ತು ಎನ್ನುತ್ತಾರೆ. ದೊಡ್ಡವರನ್ನು ಹಾಗೆ ಕೇಳುವುದುಂಟೇ ಎಂದು ನುಂಗಿಕೊಂಡನು. ಹೆದರಿ ನುಂಗಿದ್ದರೆ ಕ್ಷಮಿಸಬಹುದಿತ್ತು. ಅವನು ಹಿಗ್ಗಿ ನುಂಗಿದನು.

ಆ ವರ್ಷವೇ ಕೆರೆಯ ಕೆಲಸ ಹತ್ತಿತು. ಮನೆಗೊಂದು ಆಳು ಬಿಟ್ಟಿಗೆ ಬರಬೇಕೆಂದು ಡಂಗುರವಾಯಿತು. ಓಬಳಪ್ಪನಿಗೆ ಮಾಫಿಯಿದ್ದುದರಿಂದ ಆ ಮನೆಯ ಪಾಲಿನ ಮಣ್ಣಿನ ಬುಟ್ಟಿ ಹೊತ್ತವಳು ಹೊನ್ನೂರವ್ವ. ಓಬಳಪ್ಪ ಹನ್ನೆರಡು ಚಾವಟಿಗಳನ್ನು ಠಾಣೆಗೆ ಒಪ್ಪಿಸಿ ಬಂದ ಎಂಟನೆಯ ದಿನದ ಸಂಜೆ ಅವಳು ಗೋಡೆ ಹಿಡಿದುಕೊಂಡು ಮನೆಗೆ ಬಂದಳು. ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳೆಂದು ಏರಿಯ ಕಾವಲಿನವನು ಚಾವಟಿಯಿಂದ ಬಾರಿಸಿದ್ದನು. ಓಬಳಪ್ಪ ಅರಿಸಿನ ಕಲಸಿದ ಎಣ್ಣೆ ತಂದು, ರಕ್ತಕ್ಕೆ ಅಂಟಿದ ಸೆರಗನ್ನು ಮೆಲ್ಲಗೆ ಬಿಡಿಸಿ ನೋಡಿದನು. ಬಾಸುಂಡೆಯ ಉದ್ದಕ್ಕೂ ಮೀನಿನ ಮುಳ್ಳಿನ ಗೆರೆ ಎದ್ದಿತ್ತು. ತನ್ನ ಹೆಣಿಗೆ ಅವನಿಗೆ ಗುರುತು ಸಿಗದಿರುತ್ತದೆಯೇ. ಎಣ್ಣೆಯ ಬಟ್ಟಲು ಹಿಡಿದ ಕೈ ಅಲ್ಲೇ ನಿಂತಿತು.

ಹೊನ್ನೂರವ್ವ ತಿರುಗಿ ನೋಡದೆಯೇ ಮಾತಾಡಿದಳು. “ದಳವಾಯಿ ಲಾಯದಾಗ ಇರೋದು ಒಂದೇ ಕುದುರಿ. ಕೇರಿಗೆಲ್ಲ ಗೊತ್ತೈತಿ, ನಿನಗೂ ಗೊತ್ತಿತ್ತು. ಉಳಿದ ಹನ್ನೊಂದು ಯಾವ ದನಕ್ಕಂತ ಕೇಳಿದೇನು?”

“ಇಲ್ಲ ಅಕ್ಕ.”

“ಹಂಗಾರ ಎಣ್ಣಿ ಅಲ್ಲಿಡು. ನನ್ನ ಹೊಸ್ತಿಲ ಇಳಿ.”

ಅವನು ಇಳಿದನು. ಕೇರಿಯಲ್ಲಿ ಯಾರೂ ಬಾ ಎನ್ನಲಿಲ್ಲ. ಅಷ್ಟರಲ್ಲಿ ಮನೆಮನೆಯಲ್ಲೂ ಆ ಗೆರೆ ಮೂಡಿದ ಬೆನ್ನುಗಳಿದ್ದವು. ಮಾಡಿದ್ದುಣ್ಣೋ ಮಹರಾಯ ಎಂದು ಮುದುಕರು ಬಾಗಿಲು ಹಾಕಿಕೊಂಡರು. ಒಬ್ಬಳು ಅವನ ಹೆಜ್ಜೆಯ ಮೇಲೆ ಉಗುಳಿದಳು. ಮತ್ತೆ ಅಕ್ಕನ ಹೊಸ್ತಿಲು ದಾಟಬೇಕು, ಅದೊಂದನ್ನು ಬಿಟ್ಟು ಓಬಳಪ್ಪನಿಗೆ ಬೇರೆ ಯಾವ ಆಸೆಯೂ ಉಳಿಯಲಿಲ್ಲ.

ಮರುದಿನ ಅವನು ಏರಿಗೆ ಹೋಗಿ, ಹೊಸ ಬಾರಿಗೆ ಹೊಂಗೆ ಎಣ್ಣೆ ಕುಡಿಸಿ ಬಿಗಿ ನೋಡದಿದ್ದರೆ ಸೀಳುಬಿಡುತ್ತದೆ ಎಂದು ಕಾವಲಿನವರಿಗೆ ಹೇಳಿದನು. ಅದು ನಿಜವೇ ಆದ್ದರಿಂದ ಅವರು ನಂಬಿ ಹನ್ನೆರಡನ್ನೂ ಕೊಟ್ಟರು. ಓಬಳಪ್ಪ ಏರಿಯ ಮೇಲೆಯೇ ಕಾಲು ಚಾಚಿ ಕೂತು ದಬ್ಬಳದ ಮೊನೆಯಿಂದ ತಾವರೆಮೊಗ್ಗುಗಳನ್ನು ಬಿಚ್ಚಿದನು. ಆಮೇಲೆ ಎಳೆ ಎಳೆಯಾಗಿ ಹೆಣಿಗೆಯನ್ನೂ ಬಿಚ್ಚಿದನು. ಒಂದೊಂದು ಬಾರನ್ನೂ ಗೇಣುಗೇಣಿಗೆ ಕತ್ತರಿಸಿ, ತುಂಬುತ್ತಿದ್ದ ಮಣ್ಣಿಗೆ ಹಾಕಿದನು. ಬಿಗಿ ನೋಡುತ್ತಿದ್ದಾನೆ ಎಂದುಕೊಂಡ ಕಾವಲಿನವರಿಗೆ ತಿಳಿಯುವಷ್ಟರಲ್ಲಿ ಬರಿಯ ಹಿಡಿಗಳು ಉಳಿದಿದ್ದವು. ದಳವಾಯಿ ಬಂದು ಮತ್ತೆ ಹೆಣೆ ಎಂದನು. “ಯಾವ ದನಕ್ಕ, ಧಣಿ?” ಎಂದು ಓಬಳಪ್ಪ ಕೇಳಿದನು. ದಳವಾಯಿ ಅವನ ಬಲಗೈಯನ್ನು ಏರಿಯ ಕಲ್ಲಿನ ಮೇಲಿರಿಸಿ ಹೆಬ್ಬೆರಳನ್ನು ಜಜ್ಜಿಸಿದನು. ಬರಿಯ ಹಿಡಿ ಹಿಡಿದ ಹನ್ನೆರಡು ಮಂದಿ ಕಾವಲಿನವರನ್ನು ಬಿಟ್ಟಿಯ ಮುನ್ನೂರು ಮಂದಿ ನೋಡಿದರು; ಬುಟ್ಟಿಗಳನ್ನು ಕೆಳಗಿಟ್ಟು ಮನೆಗೆ ನಡೆದರು. ಮತ್ತೆ ಡಂಗುರ ಹೊಡೆಸಿದರೂ ಯಾರೂ ಬರಲಿಲ್ಲ; ಆ ಮಳೆಗಾಲದೊಳಗೆ ಪಾಳೆಯಪಟ್ಟೇ ಮುರಿದುಬಿತ್ತು. ಉಳಿದ ಏರಿಯನ್ನು ಮುಂದೆ ಊರವರು ತಮಗಾಗಿ ತಾವೇ ಮುಗಿಸಿದರು.

ಕೈಗೆ ಬಟ್ಟೆ ಸುತ್ತಿಕೊಂಡು ಓಬಳಪ್ಪ ಅಕ್ಕನ ಬಾಗಿಲಿಗೆ ಬಂದಾಗ ಅವಳು ಆ ಕೈ ನೋಡಿದಳಂತೆ. “ನಿನ್ನ ಬೆರಳಿನ ನೋವು ನಿಂದು. ಅದನ್ನ ತಂದು ನನ್ನ ಬೆನ್ನಿಗೆ ಹಚ್ಚಬ್ಯಾಡ” ಎಂದಳು. ಸಿಟ್ಟು ಎಂದರೆ ಹೀಗಿರಬೇಕು, ಕಣ್ಣೀರಿಗೆ ಕರಗುವ ಸಿಟ್ಟು ಅದಲ್ಲ. ಅವನು ಕೋಡಿಯ ಬಳಿ ಗುಡಿಸಲು ಹಾಕಿಕೊಂಡು ಹನ್ನೊಂದು ವರ್ಷ ಬದುಕಿದನು. ಅಕ್ಕನ ಮನೆಯಿಂದ ಅಂಬಲಿಯ ಗಡಿಗೆ ದಿನವೂ ಬಂತು. ಬಾ ಎಂಬ ಮಾತು ಬರಲಿಲ್ಲ. ಅವನು ಸತ್ತಾಗ ಅಲ್ಲೇ ಮಣ್ಣು ಮಾಡಿದರು. ಎಷ್ಟಾದರೂ ಅವನಿಂದಲೇ ಉಳಿದೆವು, ಓಬಳಪ್ಪನ ಕೆರೆ ಎಂದು ಕರೆಯೋಣ ಎಂದು ಕೇರಿಯ ಹಿರಿಯರು ಹೇಳಿದರು. ಹೊನ್ನೂರವ್ವ ಒಪ್ಪಲಿಲ್ಲ. “ಅವನ ಹೆಸರು ಯಾಕ? ಅವ ಹೆಣೆದದ್ದರ ಹೆಸರಿಡ್ರಿ. ನೀರು ಕುಡಿಯೋವಾಗೆಲ್ಲ ನೆನಪಿರಲಿ” ಎಂದಳು. ಅಂದಿನಿಂದ ಅದು ಎಂಟೆಳೆ ಕೆರೆ.

ಇಂದಿಗೂ ಕೋಡಿಯ ಬಳಿ ಬೇವಿನ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲಿದೆ. ಅದಕ್ಕೆ ಕುಂಕುಮವಿಲ್ಲ, ಹೂವಿಲ್ಲ. ಮಂಗಳವಾರ ಹೋದವರು ನೋಡಬಹುದು, ಆ ಕೇರಿಯ ಹೆಂಗಸರು ಅಂಬಲಿಯ ಗಡಿಗೆ ತಂದು, ಕಲ್ಲಿಗೆ ಬೆನ್ನು ಮಾಡಿ ನಿಂತು, ಕೈಯನ್ನು ಹಿಂದಕ್ಕೆ ಚಾಚಿ ಇಡುತ್ತಾರೆ. ತಿರುಗಿ ನೋಡದೆ ಹೋಗುತ್ತಾರೆ. ಹೀಗೇಕೆ ಎಂದು ಕೇಳಿದರೆ ಎಲ್ಲರದೂ ಒಂದೇ ಮಾತು: “ಉಣ್ಣಲಿ ಬಿಡ್ರಿ. ನಮ್ಮ ಬೆನ್ನ ನೋಡ್ಕೊಂತ ಉಣ್ಣಲಿ.”