ಗೋಡೆಗೊಂದು, ಕಬ್ಬಿಣಕ್ಕೊಂದು

"ಗುರುಗಳೇ, ಸತ್ಯ ಒಂದೇ. ಅದನ್ನು ಎಲ್ಲರಿಗೂ ಒಂದೇ ರೀತಿಯಲ್ಲಿ ಹೇಳುತ್ತಿದ್ದೇನೆ. ಆದರೂ ಯಾರಲ್ಲೂ ಅದು ನಿಲ್ಲುತ್ತಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಹೇಳಿದರೆ ಅದು ಸುಳ್ಳಾಗುವುದಿಲ್ಲವೇ?"

ಹೀಗೆ ಕೇಳಿದವನು ಚನ್ನವೀರ. ಮಠದಲ್ಲಿ ಐದು ವರ್ಷಗಳಿಂದ ಪ್ರವಚನ ಮಾಡುತ್ತಿದ್ದ ಶಿಷ್ಯ. ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಮನೆಗಳಿಗೆ ಬಣ್ಣ ಬಳಿದು ಬದುಕುವ ಹೆಂಗಸೊಬ್ಬಳಿದ್ದಳು. ಎಲ್ಲರೂ ಅವಳನ್ನು ಬಣ್ಣದವಳೆಂದೇ ಕರೆಯುತ್ತಿದ್ದರು. ಅಲ್ಲಿನ ವರ್ತಕನೊಬ್ಬ ತನ್ನ ಹಳೆಯ ಮನೆಯ ಹೊರಭಾಗಕ್ಕೆಲ್ಲ ಬಣ್ಣ ಹಾಕಲು ಅವಳನ್ನು ಕರೆಸಿದ. ಗೋಡೆ ಸುಣ್ಣದ ಗಾರೆಯದು, ಬಾಗಿಲು ತೇಗದ್ದು, ಕಿಟಕಿಯ ಸರಳುಗಳು ಕಬ್ಬಿಣದವು. ಮೂರಕ್ಕೂ ಮಿರಮಿರ ಮಿಂಚುವ ಎಣ್ಣೆಬಣ್ಣವೇ ಆಗಬೇಕು, ಅದೂ ವಾರದೊಳಗೆ ಮುಗಿಯಬೇಕು ಎಂದು ವರ್ತಕ ಹಟ ಹಿಡಿದ. ಗಾರೆಗೋಡೆಗೆ ಅದು ಒಗ್ಗುವುದಿಲ್ಲವೆಂದು ಬಣ್ಣದವಳಿಗೆ ಗೊತ್ತಿತ್ತು. ಒಂದು ಸಲ ಹೇಳಿ ನೋಡಿದಳು. ವರ್ತಕ ಮುಖ ಗಂಟಿಕ್ಕಿದ. ದೊಡ್ಡ ಮನೆಯ ಕೆಲಸ ಕೈತಪ್ಪೀತೆಂಬ ಭಯಕ್ಕೆ ಅವಳು ಸುಮ್ಮನಾಗಿ, ಹೇಳಿದಂತೆ ಬಳಿದು ಹೋದಳು.

ಒಂದು ಮಳೆಗಾಲ ಕಳೆಯಿತು. ಗೋಡೆಯೊಳಗೆ ಸೇರಿದ ನೀರಿಗೆ ಹೊರಬರಲು ದಾರಿಯಿರಲಿಲ್ಲ. ಬಣ್ಣ ಗುಳ್ಳೆಯೆದ್ದು ಹಪ್ಪಳದಂತೆ ಕಳಚಿ ಬಿತ್ತು. ಸರಳುಗಳ ಮೇಲೆ ತುಕ್ಕು ಒಡೆದು ಬಂತು. ಬಾಗಿಲಿನದು ಮಾತ್ರ ಉಳಿಯಿತು. ವರ್ತಕ ಬಂದವರಿಗೆಲ್ಲ ಗೋಡೆ ತೋರಿಸಿ ಅವಳ ಹೆಸರು ಹೇಳಿದ. ಊರಿನಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆಯದಂತಾಯಿತು.

ಬಣ್ಣದವಳು ಎರಡು ತಿಂಗಳು ಮನೆಯಲ್ಲಿ ಕುಳಿತಳು. ವರ್ತಕನ ಮೇಲೆ ಬಂದಿದ್ದ ಸಿಟ್ಟು ಮೆಲ್ಲಗೆ ತನ್ನ ಮೇಲೆಯೇ ತಿರುಗಿತು. ಗೊತ್ತಿದ್ದೂ ಬಳಿದ ಕೈ ತನ್ನದು. ಒಂದು ಬೆಳಿಗ್ಗೆ ಎದ್ದವಳೇ ಉಳಿ, ತಂತಿಬ್ರಷ್ಷು ಹಿಡಿದು ವರ್ತಕನ ಮನೆಗೆ ನಡೆದಳು. ಮತ್ತೆ ಬಳಿದು ಕೊಡುತ್ತೇನೆ, ಆದರೆ ಈ ಸಲ ನಾನು ಹೇಳಿದಂತೆ ಆಗಬೇಕು ಎಂದಳು. ವರ್ತಕ ಒಲ್ಲದ ಮನಸ್ಸಿನಿಂದ ಒಪ್ಪಿದ.

ಅವಳು ಗೋಡೆಯನ್ನು ಗಾರೆ ಕಾಣುವವರೆಗೆ ಕೆರೆದು ಹಾಗೆಯೇ ಬಿಟ್ಟಳು. ಬಿಸಿಲಿಗೆ ನೀರು ಆರಿದಂತೆ ಗೋಡೆಯ ಮೇಲೆ ಉಪ್ಪು ಬಿಳಿಯಾಗಿ ಕೂರುತ್ತಿತ್ತು. ದಿನವೂ ಬಂದು ಅದನ್ನು ಗುಡಿಸುತ್ತಿದ್ದಳು. ಹೀಗೆ ತಿಂಗಳು ಕಳೆಯಿತು. ವರ್ತಕನ ತಾಳ್ಮೆ ಮುಗಿಯಿತು.

"ನಾಳೆ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದಾರೆ. ಇವತ್ತೇ ಬಳಿದುಬಿಡು."

"ಉಪ್ಪು ಇನ್ನೂ ಬರುತ್ತಿದೆ ಯಜಮಾನರೇ. ಅವರು ಬರಿಗೋಡೆಯನ್ನೇ ನೋಡಲಿ. ನಾನಂತೂ ಇವತ್ತು ಬ್ರಷ್ಷು ಮುಟ್ಟುವುದಿಲ್ಲ."

ಗಂಡಿನ ಕಡೆಯವರು ಬಂದರು. ಸುಲಿದಂತಿದ್ದ ಗೋಡೆಯನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವರ್ತಕ ತಲೆಯೆತ್ತಲಿಲ್ಲ. ಅವರ ಕಣ್ಣೆದುರೇ ಬಣ್ಣದವಳು ಕಿಟಕಿಯ ಬಳಿ ಕೂತು ಸರಳಿನ ತುಕ್ಕು ಉಜ್ಜುತ್ತಿದ್ದಳು. ನಾಚಿಕೆಯಿಂದ ಅವಳ ಕಿವಿ ಕಾದಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ಮತ್ತೆ ಹದಿನೈದು ದಿನಕ್ಕೆ ಉಪ್ಪು ಬರುವುದು ನಿಂತಿತು. ಆಗ ಗೋಡೆಗೆ ಸುಣ್ಣದಲ್ಲಿ ಹಳದಿ ಮಣ್ಣು ಕಲಸಿ, ತೆಳುವಾಗಿ ಮೂರು ಸಲ ಬಳಿದಳು. ಸರಳಿಗೆ ಮೊದಲು ತುಕ್ಕು ತಡೆಯುವ ಕೆಂಪು ಬಳಿದು, ಅದು ಒಣಗಿದ ಮೇಲೆ ಗೋಡೆಯದೇ ಹಳದಿಯ ಎಣ್ಣೆಬಣ್ಣ ಕೊಟ್ಟಳು. ಬಾಗಿಲಿನ ಹಳೆಯ ಬಣ್ಣವನ್ನು ಮರಳುಕಾಗದದಿಂದ ತಿಕ್ಕಿ, ಅದರ ಮೇಲೂ ಅದೇ ಎಣ್ಣೆಬಣ್ಣವನ್ನು ಒಂದು ಕೈ ಎಳೆದಳು. ಬೀದಿಯಲ್ಲಿ ನಿಂತು ನೋಡಿದರೆ ಮನೆಯೆಲ್ಲ ಒಂದೇ ಹಳದಿ. ಆಮೇಲೆ ನಾಲ್ಕು ಮಳೆಗಾಲ ಬಂದು ಹೋದವು. ಎಲ್ಲಿಯೂ ಒಂದು ಚಕ್ಕೆ ಏಳಲಿಲ್ಲ. ಮಗಳ ಮದುವೆಯಾಯಿತು. ಬೀಗರು ತಮ್ಮ ಮನೆಗೂ ಬಣ್ಣದವಳನ್ನೇ ಕರೆಸಿಕೊಂಡರು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖ ಅರಳಿತು. "ತಿಳಿಯಿತು ಗುರುಗಳೇ. ಇನ್ನು ಮೇಲೆ ಅವರವರಿಗೆ ತಕ್ಕಂತೆ ಹೇಳುತ್ತೇನೆ."

"ಐದು ವರ್ಷದಿಂದ ನಿನ್ನ ಎದುರಿಗೆ ಕೂರುವವರಲ್ಲಿ ಒಂದು ನಾಲ್ಕು ಮಂದಿಯ ಹೆಸರು ಹೇಳು" ಎಂದರು ಗುರುಗಳು.

ಚನ್ನವೀರನಿಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ. ಅಂದು ಪ್ರವಚನಕ್ಕೆ ಮೊದಲೇ ಅವನು ಮಠದ ಬಾಗಿಲಲ್ಲಿ ಹೋಗಿ ನಿಂತು, ಬರುವ ಒಬ್ಬೊಬ್ಬರ ಹೆಸರು ಕೇಳತೊಡಗಿದ.