ಎದುರಿನ ಬೆಳಕು

"ಗುರುಗಳೇ, ನಾಲ್ಕು ಜನರನ್ನು ಜೊತೆಗಿಟ್ಟುಕೊಂಡು ಕೆಲಸ ಮಾಡುವವನು ತಾನೂ ದನಿ ಎತ್ತಿದರೆ ತಪ್ಪೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಸುತ್ತಲಿನ ಊರುಗಳ ವ್ಯಾಜ್ಯ ಬಗೆಹರಿಸುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಅವನ ಅಕ್ಕಪಕ್ಕ ಕೂರಲು ಇಬ್ಬರು ಹಿರಿಯರನ್ನೂ ಕೊಟ್ಟಿದ್ದರು. ಆ ಹಿರಿಯರ ಮಾತು ಯಾರ ಕಿವಿಗೂ ಬೀಳುತ್ತಿಲ್ಲ ಎಂದು ಮಠಕ್ಕೆ ದೂರು ಬಂದಿತ್ತು.

"ಅವರೂ ಮಾತಾಡುತ್ತಾರೆ, ಗುರುಗಳೇ. ಆದರೆ ನಾನು ಸಣ್ಣ ದನಿಯಲ್ಲಿ ಶುರು ಮಾಡಿದರೆ ಎಲ್ಲಿ ಸುಮ್ಮನೆ ಕೂತುಬಿಡುತ್ತಾರೋ ಎಂದು ನನಗೆ ಭಯ."

"ನಿನ್ನ ಗಂಟಲು ಮಠದ ಗೋಡೆಗಳಿಗೂ ಗೊತ್ತು. ಕೂತುಕೋ, ಒಂದು ಕತೆ ಹೇಳುತ್ತೇನೆ. ಕೇಳಿ ಸಂತೋಷಪಡುವ ಕತೆಯಲ್ಲ" ಎಂದು ಗುರುಗಳು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಅವನ ಕ್ಯಾಮೆರಾದ ತಲೆಯ ಮೇಲೆ ಒಂದು ಫ್ಲ್ಯಾಶ್ ಇತ್ತು. ಅದಲ್ಲದೆ ಎರಡು ಫ್ಲ್ಯಾಶ್‌ಗಳನ್ನು ಅವನು ಸ್ಟ್ಯಾಂಡಿಗೆ ಸಿಕ್ಕಿಸಿ ಆಚೆ ಈಚೆ ನಿಲ್ಲಿಸುತ್ತಿದ್ದ. ಅವುಗಳಿಗೆ ತಂತಿ ಇರಲಿಲ್ಲ, ಕಣ್ಣಿತ್ತು. ಕ್ಯಾಮೆರಾದ ಮೇಲಿನದು ಮಿಂಚಿದ್ದನ್ನು ಕಂಡರೆ ಸಾಕು, ಅದೇ ಕ್ಷಣ ಅವೂ ಮಿಂಚುತ್ತಿದ್ದವು.

ಅವನಿಗೆ ಕೆಲಸ ಕಲಿಸಿದವನು ಒಂದು ಮಾತು ಹೇಳಿದ್ದ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಇರುವುದು ಉಳಿದವನ್ನು ಕರೆಯಲಿಕ್ಕೆ. ಅದನ್ನು ಆದಷ್ಟು ತಗ್ಗಿಸಿ ಇಡು. ಮುಖ ತೋರಿಸುವ ಕೆಲಸ ಪಕ್ಕದವು ಮಾಡುತ್ತವೆ.

ಫೋಟೋಗ್ರಾಫರ್ ಬಹಳ ಕಾಲ ಹಾಗೆಯೇ ನಡೆದುಕೊಂಡ. ಆಮೇಲೆ ಒಂದು ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ, ಪಕ್ಕದ ಫ್ಲ್ಯಾಶ್‌ಗಳು ಮಿಂಚಲಿಲ್ಲ. ಫೋಟೋ ಕಪ್ಪಗೆ ಬಂತು. ಹೆಣ್ಣಿನ ಕಡೆಯವರು ಅವನ ಜನ್ಮ ಜಾಲಾಡಿದರು. ನಡೆದದ್ದು ಇಷ್ಟೇ, ಬೀಗರು ಗುಂಪುಗೂಡಿ ಆ ಫ್ಲ್ಯಾಶ್‌ಗಳ ಕಣ್ಣಿಗೆ ಅಡ್ಡ ನಿಂತಿದ್ದರು. ಅವನು ಅದನ್ನು ವಿಚಾರಿಸಲು ಹೋಗಲಿಲ್ಲ. ತನ್ನ ಬೆಳಕೇ ಕಡಿಮೆಯಾಯಿತು ಎಂದುಕೊಂಡ. ಅಂದಿನಿಂದ ಕ್ಯಾಮೆರಾದ ಮೇಲಿನ ಫ್ಲ್ಯಾಶನ್ನು ಪೂರ್ತಿ ಏರಿಸಿಯೇ ಇಟ್ಟ.

ಪಕ್ಕದವು ಆಮೇಲೂ ಮಿಂಚುತ್ತಿದ್ದವು. ಆದರೆ ಮಿಂಚಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಎದುರಿನ ಬೆಳಕು ಎಲ್ಲವನ್ನೂ ಒಂದೇ ಸಮ ಬೆಳ್ಳಗೆ ಮಾಡುತ್ತಿತ್ತು. ಮದುಮಕ್ಕಳ ಮುಖದ ಮೊಡವೆ, ಗುಳಿ ಎಲ್ಲ ಮಾಯವಾಗುತ್ತಿದ್ದವು. ಜನರಿಗೆ ಅದೇ ಬೇಕಿತ್ತು. ಅವನ ಕೈಗೆ ಬಿಡುವಿಲ್ಲದಷ್ಟು ಕೆಲಸ ಬಂತು.

ಒಂದು ದಿನ ಆ ಊರಿನ ಬಸ್ ನಿಲ್ದಾಣದಲ್ಲಿ ಒಬ್ಬ ಯುವಕ ಸತ್ತು ಬಿದ್ದಿದ್ದ. ಯಾರ ಮಗನೋ ತಿಳಿಯಲಿಲ್ಲ. ಗುರುತಿಗೆ ಫೋಟೋ ಬೇಕೆಂದು ಪೊಲೀಸರು ಈ ಫೋಟೋಗ್ರಾಫರನ್ನು ಕರೆಸಿದರು. ಅವನು ಶವಾಗಾರದಲ್ಲೂ ಸ್ಟ್ಯಾಂಡುಗಳನ್ನು ನಿಲ್ಲಿಸಿದ. ಕ್ಯಾಮೆರಾದ ಮೇಲಿನ ಫ್ಲ್ಯಾಶನ್ನು ಮಾತ್ರ ತಗ್ಗಿಸಲಿಲ್ಲ. ಫೋಟೋ ಬೆಳ್ಳಗೆ ಬಂತು. ಪೊಲೀಸರು ಬೆನ್ನು ತಟ್ಟಿದರು. ಯಾರೂ ಬರಲಿಲ್ಲವೆಂದು ಹೆಣವನ್ನು ಮಣ್ಣು ಮಾಡಿದರು.

ಆಮೇಲೆ ದೂರದ ಹಳ್ಳಿಯಿಂದ ಒಬ್ಬ ತಾಯಿ ಬಂದಳು. ದುಡಿಯಲು ಹೋದ ಅವಳ ಮಗ ಮನೆ ಬಿಟ್ಟು ವರ್ಷಗಳಾಗಿದ್ದವು. ಪೊಲೀಸನು ಫೋಟೋವನ್ನು ಅವಳ ಕೈಗೆ ಕೊಟ್ಟ. ಫೋಟೋದ ಮುಖ ಸೊರಗಿತ್ತು, ಗಡ್ಡ ಬೆಳೆದಿತ್ತು, ಕಣ್ಣು ಮುಚ್ಚಿತ್ತು. ಅವಳು ಬಹಳ ಹೊತ್ತು ಹಣೆಯನ್ನೇ ನೋಡಿದಳು.

"ಇಂವ ನನ್ನ ಮಗ ಅಲ್ಲರೀ" ಎಂದಳು. "ನನ್ನ ಮಗ ಸಣ್ಣಾಂವ ಇದ್ದಾಗ ರುಬ್ಬೋ ಒಳ್ಳಕಲ್ಲಿನ ಮ್ಯಾಲ ಬಿದ್ದಿದ್ದ. ಅವನ ಹಣಿ ಮ್ಯಾಲ ತಗ್ಗೈತಿ. ಈ ಹುಡುಗನ ಹಣಿ ನುಣ್ಣಗ ಐತಿ."

"ಇನ್ನೊಮ್ಮೆ ಸರಿಯಾಗಿ ನೋಡವ್ವಾ."

"ಹಡದಾಕಿ ಅದೀನ್ರೀ, ನನಗ ಗೊತ್ತಾಗಂಗಿಲ್ಲೇನು?" ಎಂದು ಅವಳು ಫೋಟೋದ ಮೇಲೆ ಕೈಯಾಡಿಸಿದಳು. "ಪಾಪ, ಇವನ ಅವ್ವ ಎಲ್ಲಿ ಹುಡುಕಾಕತ್ತಾಳೋ." ಹಾಗೆಂದು ಆ ಕಾಣದ ತಾಯಿಗಾಗಿ ಅತ್ತಳು. ತನ್ನ ಮಗ ಬದುಕಿದ್ದಾನೆಂದು ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ಈಗಲೂ ಅವಳು ಹಬ್ಬಕ್ಕೆ ಅವನ ಪಾಲಿನ ಹೋಳಿಗೆ ಎತ್ತಿಡುತ್ತಾಳೆ.

ತಗ್ಗು ಇತ್ತು, ಮುರಿಗೆಪ್ಪ. ಮಣ್ಣು ಮಾಡುವ ಮುಂಚೆ ಹಣೆಗೆ ವಿಭೂತಿ ಬಳಿದವನ ಬೆರಳಿಗೆ ಅದು ಸಿಕ್ಕಿತ್ತು. ಅವನನ್ನು ಯಾರೂ ಕೇಳಲಿಲ್ಲ, ಫೋಟೋ ಇತ್ತಲ್ಲ. ಮುಖದಲ್ಲಿ ತಗ್ಗು ಕಾಣುವುದು ನೆರಳಿನಿಂದ. ಆ ನೆರಳನ್ನು ಪಕ್ಕದ ಬೆಳಕು ಬೀಳಿಸಿಯೇ ಇತ್ತು. ಎದುರಿನ ಬೆಳಕು ಅದನ್ನು ಒರೆಸಿಹಾಕಿತ್ತು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ ಕೇಳಿದ:

"ಆ ಫೋಟೋಗ್ರಾಫರನಿಗೆ ತನ್ನ ತಪ್ಪು ಯಾವಾಗ ಗೊತ್ತಾಯಿತು, ಗುರುಗಳೇ?"

"ಗೊತ್ತಾಗಲೇ ಇಲ್ಲ, ಅವನ ಮುಂದೆ ನಿಂತವರೆಲ್ಲ ಹೊಗಳಿಯೇ ಹೋದರು."